ಮುಚ್ಚಳದಮ್ಮನ ಜೀಪು

ಹೊತ್ತು ಮುಳುಗಿ ಬೀದಿದೀಪ ಹತ್ತುವುದರೊಳಗೆ ಆ ಮನೆಯ ವಸ್ತುಗಳೆಲ್ಲ ಮುಚ್ಚಿಕೊಂಡಿರಬೇಕು. ಮೊದಲು ಹೊಲಿಗೆ ಯಂತ್ರಕ್ಕೆ ನೀಲಿ ಗವಸು. ಆಮೇಲೆ ರೇಡಿಯೋಗೆ, ಮಿಕ್ಸಿಗೆ, ಇಸ್ತ್ರಿಪೆಟ್ಟಿಗೆಗೆ. ನೀರಿನ ಪಾತ್ರೆಗೆ ತಟ್ಟೆ, ತಟ್ಟೆಯ ಮೇಲೆ ಲೋಟ ಬೋರಲು. ಜೊತೆಗಿರುವ ಅಕ್ಕನ ಕನ್ನಡಕ ಅದರ ಚೀಲದೊಳಕ್ಕೆ. ಕೊನೆಗೆ ಅಂಗಳಕ್ಕೆ ಬಂದು ಜೀಪಿಗೆ ಟಾರ್ಪಾಲು ಹೊದಿಸಿ, ಮೂಲೆಗಳ ಹಗ್ಗ ಬಿಗಿದು, ಬಾನೆಟ್ಟಿನ ಮೇಲೆ ಅಂಗೈಯಿಂದ ಮೆಲ್ಲಗೆ ತಟ್ಟಿ ಒಳಗೆ ಹೋಗುವರು. ಜ್ವರ ಬಂದಾಗಲೂ ಇದು ತಪ್ಪಿದ್ದನ್ನು ನಾನು ನೋಡಿಲ್ಲ. ತಾವು ಕಂಬಳಿ ಹೊದ್ದುಕೊಂಡೇ ಬಂದು ಜೀಪಿಗೂ ಹೊದಿಸಿ ಹೋಗಿದ್ದರು.

ಬೀದಿಯವರು ಇಟ್ಟ ಹೆಸರು ಮುಚ್ಚಳದಮ್ಮ. ಬೆನ್ನ ಹಿಂದೆ ಆಡುತ್ತಿದ್ದದ್ದು ಬರುಬರುತ್ತಾ ಮುಖದೆದುರೇ ಬಂತು. ಅವರು ಅದಕ್ಕೆ ಬೇಸರ ಮಾಡಿಕೊಂಡವರಲ್ಲ. "ಧೂಳಿಗೆ ಕರುಣೆ ಇಲ್ಲ ಕಣ್ರೀ. ನಾವೇ ಮುಚ್ಚಿಟ್ಕೋಬೇಕು," ಎನ್ನುವರು. ನನ್ನನ್ನು ಅವರು ಕರೆಯುವುದು ಎದುರ್ಮನೆಯೋರೇ ಎಂದು. ಇಷ್ಟು ವರ್ಷದಲ್ಲಿ ಅದು ಬದಲಾಗಿಲ್ಲ, ಬದಲಾಗುವುದು ನನಗೂ ಬೇಕಿಲ್ಲ.

ಮುಚ್ಚುವುದೇ ಅವರ ಕಸುಬು ಕೂಡ. ಲಾರಿಗಳ ಟಾರ್ಪಾಲು, ಜೀಪುಗಳ ಟಾಪು, ಸೀಟಿನ ಗವಸು, ಯಾರದೋ ದೋಣಿಯ ಹೊದಿಕೆ, ಹೀಗೆ ದಪ್ಪ ಬಟ್ಟೆಯಲ್ಲಿ ಏನು ಹೊಲಿಯಬೇಕಿದ್ದರೂ ಊರಿನವರು ಅವರ ಮನೆಯ ಮುಂದಿನ ಕೋಣೆಗೆ ಬರುತ್ತಾರೆ. ಆ ಕೋಣೆಯ ನೆಲದ ತುಂಬ ಕ್ಯಾನ್ವಾಸು ಹಾಸಿರುತ್ತದೆ. ಅದರ ಮೇಲೆ ಮಂಡಿಯೂರಿ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾ, ಹಿಂದಕ್ಕೆ ಸರಿಯುತ್ತಾ ಗೋಡೆ ಮುಟ್ಟುವರು. ಸೂಜಿ ಹೋಗದ ಕಡೆ ದಬ್ಬಳ. ಹಿಡಿ ಸವೆದು ಅವರ ಅಂಗೈಯ ಆಕಾರಕ್ಕೇ ಬಂದುಬಿಟ್ಟಿದ್ದ ಒಂದು ದಬ್ಬಳ ಯಾವಾಗಲೂ ಕೈಚೀಲದಲ್ಲಿ ಇರುತ್ತಿತ್ತು.

ಜೀಪು ಗಂಡನದು. ಹೊಲಿದ ಟಾರ್ಪಾಲುಗಳನ್ನು ಕಲ್ಲುಕ್ವಾರಿಗಳಿಗೆ, ಮರದ ಡಿಪೋಗಳಿಗೆ ಒಯ್ಯಲೆಂದು ಹಳೆಯದನ್ನೇ ಕೊಂಡಿದ್ದರು. ನಾಲ್ಕೂ ಚಕ್ರ ಎಳೆಯುವಂಥದ್ದು. ಕೆಸರಿರಲಿ, ಜಲ್ಲಿಯಿರಲಿ ಹತ್ತುತ್ತಿತ್ತು. ಗಂಡ ಬದುಕಿದ್ದಾಗಲೇ ಹಟ ಹಿಡಿದು ಓಡಿಸುವುದು ಕಲಿತಿದ್ದರು. ಅವರು ತೀರಿಕೊಂಡ ಮೇಲೆ ಮಾರಿಬಿಡಿ ಎಂದವರೇ ಎಲ್ಲ. ಇವರು ಅದಕ್ಕೊಂದು ಹೊಸ ಟಾಪು ಹೊಲಿದರು. ಉತ್ತರ ಅಷ್ಟೇ.

ಆಮೇಲೆ ಇವರ ಅಕ್ಕ ಇಲ್ಲೇ ಇರಲು ಬಂದರು. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಬಲಗಾಲು, ಬಲಗೈ ಮಾತು ಕೇಳುತ್ತಿರಲಿಲ್ಲ. ನಾಲಿಗೆಯೂ ನಿಧಾನವಾಗಿತ್ತು. ಬುದ್ಧಿ ಮಾತ್ರ ಮೊದಲಿನಂತೆಯೇ ಚುರುಕು. ಒಂದು ಮಾತು ಹೊರಡಲು ಹೊತ್ತು ಹಿಡಿಯುತ್ತಿತ್ತು, ಅಷ್ಟರಲ್ಲಿ ಎದುರಿಗಿದ್ದವರು ತಾವೇ ಆ ಮಾತನ್ನು ಪೂರ್ತಿ ಮಾಡಿ, ತಾವೇ ಅದಕ್ಕೆ ಉತ್ತರವನ್ನೂ ಹೇಳಿ ಎದ್ದು ಹೋಗುವರು. ಅಕ್ಕ ಬಾಯಿ ಮುಚ್ಚಿ ಕಿಟಕಿಯ ಕಡೆ ತಿರುಗುವರು.

ಬೆಟ್ಟದ ಮೇಲೊಂದು ಆಸ್ಪತ್ರೆಯಿದೆ. ಅಲ್ಲಿ ಬೆಚ್ಚಗಿನ ನೀರಿನ ಕೊಳವೊಂದರಲ್ಲಿ ಇಂಥವರನ್ನು ಇಳಿಸಿ, ಕೈ ಹಿಡಿದು ನಡೆಸುತ್ತಾರೆ. ನೆಲದ ಮೇಲೆ ಅಲುಗದ ಅಕ್ಕನ ಕಾಲು ನೀರಿನಲ್ಲಿ ಅಲುಗಿತು. ಮೊದಲ ಸಲ ಅಲುಗಿದ ದಿನ ಮುಚ್ಚಳದಮ್ಮ ನಮ್ಮ ಬಾಗಿಲಿಗೆ ಬಂದು, "ಹೆಬ್ಬೆರಳು," ಎಂದರು. ನಾನು ಒಲೆ ಆರಿಸಿ, ದೇವರಿಗೆ ಕೈಮುಗಿದು ಬಂದೆ.

ವಾರಕ್ಕೆರಡು ಸಲ ಹೋಗಬೇಕು. ಕೊಳ ಚಿಕ್ಕದು, ಕಾಯುವವರು ಬಹಳ. ಆದ್ದರಿಂದ ಅಲ್ಲಿಯದೊಂದು ಕಟ್ಟುನಿಟ್ಟಿನ ನಿಯಮ: ಸಾಲಾಗಿ ಮೂರು ಸಲ ತಪ್ಪಿಸಿದವರ ಜಾಗ ಮುಂದಿನವರಿಗೆ. ಬೆಟ್ಟದ ದಾರಿಯೋ ಅರ್ಧದ ಮೇಲೆ ಬರೀ ಕಲ್ಲು. ಬಾಡಿಗೆ ಗಾಡಿಯವರು ಕಲ್ಲು ಶುರುವಾಗುವ ತಿರುವಿನ ತನಕ ಬಂದು ಕೈ ಎತ್ತಿಬಿಡುತ್ತಾರೆ. ಜೀಪು ಹತ್ತುತ್ತಿತ್ತು. ಹಿಂದಿನ ಸೀಟುಗಳಲ್ಲಿ ಒಂದನ್ನು ಬಿಚ್ಚಿಹಾಕಿ ಅಲ್ಲಿ ಅಕ್ಕನ ಗಾಲಿಕುರ್ಚಿ ನಿಲ್ಲಿಸಿ, ತಾವೇ ಹೊಲಿದ ಅಗಲ ಪಟ್ಟಿಗಳಿಂದ ಕುರ್ಚಿಯನ್ನೂ ಅಕ್ಕನನ್ನೂ ಭದ್ರ ಮಾಡುತ್ತಿದ್ದರು. ಅಕ್ಕ ತಮ್ಮ ಕುರ್ಚಿಯಲ್ಲೇ ನೆಟ್ಟಗೆ ಕೂತು, ದಾರಿ ನೋಡುತ್ತಾ ಹೋಗುವರು.

ಇದ್ದಕ್ಕಿದ್ದಂತೆ ಒಂದು ದಿನ ಜೀಪು ಆ ತಿರುವಿನಲ್ಲೇ ನಿಂತಿತು. ಮೊದಲು ದಮ್ಮು ಕಟ್ಟಿದಂತೆ ಎರಡು ಸಲ ಮುಗ್ಗರಿಸಿತು, ಆಮೇಲೆ ಸುಮ್ಮನಾಯಿತು. ಇವರು ಇಳಿದು, ಬಾನೆಟ್ಟು ಎತ್ತಿ, ಅದು ಇದು ಅಲ್ಲಾಡಿಸಿ, ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ ಡೀಸೆಲ್ ನೋಡಿದರು. ಬೇಕಾದಷ್ಟಿತ್ತು. ಎಂಜಿನಿಗೆ ಡೀಸೆಲ್ ಎಳೆಯುವ ಕೈಪಂಪನ್ನು ಬಹಳ ಹೊತ್ತು ಒತ್ತಿದ ಮೇಲೆ ಶುರುವಾಯಿತು. ಅಷ್ಟರಲ್ಲಿ ಕೊಳದ ಬಾಗಿಲು ಹಾಕಿತ್ತು. ಮುಂದಿನ ಸಲ ಯಾವುದಕ್ಕೂ ಇರಲಿ ಎಂದು ಟ್ಯಾಂಕು ತುಂಬಿಸಿಕೊಂಡು ಹೊರಟರು. ತಿರುವಿಗಿಂತ ಮುಂಚೆಯೇ ನಿಂತಿತು.

ಎರಡು ಸಲ ತಪ್ಪಿತು. ಉಳಿದದ್ದು ಒಂದು.

ತಮ್ಮ ಬಂದ. ಈ ಇಬ್ಬರ ಬೆನ್ನಿಗೆ ಹುಟ್ಟಿದವನು, ದೊಡ್ಡ ಅಂಗಡಿಯಿಟ್ಟವನು, ಒಳ್ಳೆಯವನೇ. ಆದರೆ ಕೂತಲ್ಲಿ ಕೂರದ ಮನುಷ್ಯ. ನಿಂತುಕೊಂಡೇ ಟೀ ಕುಡಿದು, ನಿಂತುಕೊಂಡೇ ತೀರ್ಮಾನ ಹೇಳುವನು.

"ಚಿಕ್ಕಕ್ಕ, ಇದನ್ನ ಗುಜರಿಗೆ ಹಾಕು. ಭಾವನ ನೆನಪು ಅಂತ ಬೇಕಿದ್ರೆ ಸ್ಟೀರಿಂಗ್ ಬಿಚ್ಚಿ ಗೋಡೆಗೆ ನೇತು ಹಾಕ್ಕೋ."

"ನೇತು ಹಾಕಿ ಅದಕ್ಕೂ ಒಂದು ಗವಸು ಹೊಲೀಬೇಕಾಗುತ್ತೆ. ಬಿಡು."

"ತಮಾಷೆ ಅಲ್ಲ. ದೊಡ್ಡಕ್ಕನ್ನ ದಾರೀಲಿ ಕೂರಿಸ್ಕೊಂಡು ಎಷ್ಟು ಸಲ ಅಂತ ಸರ್ಕಸ್ ಮಾಡ್ತೀಯ?"

ದೊಡ್ಡಕ್ಕ ಏನೋ ಹೇಳಲು ತುಟಿ ತೆರೆದರು. "ಅದೇ ನೋಡು, ಅವಳಿಗೂ ಸಾಕಾಗಿದೆ," ಎಂದು ತಮ್ಮ ಲೋಟ ಇಟ್ಟು ಹೊರಟ.

ಮುಖ್ಯ ರಸ್ತೆಯ ಗ್ಯಾರೇಜಿನವನ ಬಳಿಗೆ ಮುಚ್ಚಳದಮ್ಮ ನನ್ನನ್ನೂ ಕರೆದುಕೊಂಡು ಹೋದರು. ಅವನ ಅಂಗಳದ ತುಂಬ ಬಿಚ್ಚಿಟ್ಟ ಗಾಡಿಗಳು. "ತಂದು ಬಿಟ್ಟು ಹೋಗಿ, ಸರದಿ ಬಂದಾಗ ನೋಡ್ತೀನಿ" ಎಂದ. ಆ ಸರದಿ ಬರುವಷ್ಟರಲ್ಲಿ ಅಕ್ಕನ ಸರದಿ ಹೋಗಿರುತ್ತಿತ್ತು.

"ಬಿಡೋಕೆ ಆಗಲ್ಲಪ್ಪ. ನಾನೇ ಮಾಡ್ಕೋತೀನಿ. ಯಾವ್ದರಿಂದ ಶುರು ಮಾಡ್ಲಿ, ಅಷ್ಟು ಹೇಳು."

ಅವನು ಮೇಲಿಂದ ಕೆಳಗೆ ನೋಡಿದ. ಇವರು ಕದಲಲಿಲ್ಲ. "ಫಿಲ್ಟರ್ ಬದಲಾಯಿಸಿ. ಟ್ಯಾಂಕ್ ತೊಳೀರಿ. ಪೈಪ್ ಎಲ್ಲಾದ್ರೂ ಬಿರುಕು ಬಿಟ್ಟಿದ್ಯಾ ನೋಡಿ. ಬಿಚ್ಚಿದ ಮೇಲೆ ಪೈಪಲ್ಲಿ ಸೇರ್ಕೊಂಡ ಏರ್ ತೆಗೀಬೇಕು, ಗೊತ್ತಲ್ಲ?"

"ಗೊತ್ತು. ನಮ್ಮೆಜಮಾನ್ರು ತೆಗೀವಾಗ ಪಂಪ್ ಒತ್ತೋದು ನನ್ನ ಕೆಲ್ಸ ಆಗಿತ್ತು. ಇನ್ನೊಂದು ಕೇಳ್ಲಾ? ಟ್ಯಾಂಕ್ ತುಂಬಿಸಿದಷ್ಟೂ ಬೇಗ ನಿಲ್ಲುತ್ತಲ್ಲ, ಅದ್ಯಾಕೆ?"

"ಹೊಟ್ಟೆ ತುಂಬಿದ್ಮೇಲೆ ಎಲ್ಲರಿಗೂ ನಿದ್ದೆ ಬರುತ್ತಮ್ಮ!" ಅಲ್ಲಿದ್ದವರೆಲ್ಲ ನಕ್ಕರು. ಇವರೂ ನಕ್ಕರು. ದಾರಿಯಲ್ಲಿ ಮಾತ್ರ ಮತ್ತೆ ಕೇಳಿದರು: "ಆದ್ರೂ ಅದ್ಯಾಕೆ ಅಂತೀರಾ?"

ಮಾರನೆಯ ದಿನ ಬೆಳಗ್ಗೆ ನಾನು ಪ್ರಾರ್ಥನೆ ಮುಗಿಸಿ ಬಾಗಿಲು ತೆರೆದಾಗ ಅವರ ಕಾಲೆರಡು ಜೀಪಿನಡಿಯಿಂದ ಹೊರಗೆ ಚಾಚಿದ್ದವು. ನಾನು ಹೋಗಿ ಪಕ್ಕದಲ್ಲಿ ಕೂತೆ. ಟ್ಯಾಂಕಿನ ತಳದ ಬಿರಡೆ ಬಿಚ್ಚಿ ಡೀಸೆಲನ್ನು ಕ್ಯಾನುಗಳಿಗೆ ಇಳಿಸಿದ್ದರು. ಕೊನೆಗೆ ಬಂದದ್ದು ಚಹಾದ ಚರಟದಂಥ ತುಕ್ಕು. "ಇದೇ ಕಣ್ರೀ ಕಳ್ಳ," ಎಂದು ಬೆರಳಲ್ಲಿ ಎತ್ತಿ ತೋರಿಸಿದರು. ಟ್ಯಾಂಕನ್ನು ಸೀಮೆಎಣ್ಣೆಯಲ್ಲಿ ಕುಲುಕಿ ಕುಲುಕಿ ತೊಳೆದೆವು. ಮುಚ್ಚಳವನ್ನೂ ಒಂದು ಬಟ್ಟಲು ಸೀಮೆಎಣ್ಣೆಯಲ್ಲಿ ನೆನೆಹಾಕಿದರು. ತೆರೆದ ಬಾಯಿ ಅವರಿಂದ ನೋಡಲಾಗುವುದೇ? ಅದಕ್ಕೊಂದು ತೆಳು ಬಟ್ಟೆ ಕಟ್ಟಿದರು. ಡೀಸೆಲನ್ನು ಬಟ್ಟೆಯ ಮಡಿಕೆಗಳಲ್ಲಿ ಸೋಸಿ ಮತ್ತೆ ತುಂಬಿದರು. ಹೊಸ ಫಿಲ್ಟರು ಹಾಕಿದರು. ಅದರ ಮೇಲಿನ ತಿರುಪು ಸಡಿಲಿಸಿ, "ಒತ್ತಿ," ಎಂದರು. ನಾನು ಕೈಪಂಪು ಒತ್ತಿದೆ. ನೊರೆ ನೊರೆಯಾಗಿ ಬರುತ್ತಿದ್ದದ್ದು ತಿಳಿಯಾಗಿ ಹರಿಯುವತನಕ ಒತ್ತಿಸಿ ತಿರುಪು ಬಿಗಿದರು. ನನ್ನ ಹೆಬ್ಬೆರಳು ಸಂಜೆಯತನಕ ನನ್ನದಾಗಿರಲಿಲ್ಲ.

ಜೀಪು ಶುರುವಾಯಿತು. ಅಷ್ಟಕ್ಕೆ ಅವರು ನಂಬಲಿಲ್ಲ. "ಮೊದ್ಲೂ ಶುರುವಾಗ್ತಿತ್ತಲ್ಲ. ನಿಲ್ಲೋದೇ ಅದರ ಕಾಯಿಲೆ." ಆರಿಸಿ, ಟ್ಯಾಂಕಿನ ಪೈಪು ಬಿಡಿಸಿ, ಕಿಟಕಿಯ ಸರಳಿಗೆ ಡೀಸೆಲ್ ಕ್ಯಾನೊಂದನ್ನು ನೇತುಹಾಕಿ ಅದರಿಂದ ನೇರವಾಗಿ ಫಿಲ್ಟರಿಗೆ ಪೈಪು ಕೊಟ್ಟರು. ಆಸ್ಪತ್ರೆಯಲ್ಲಿ ರೋಗಿಗೆ ಬಾಟಲಿ ಹಾಕಿದಂತಿತ್ತು. ಎಂಜಿನು ಎಡೆಬಿಡದೆ ಓಡಿತು. ಅಕ್ಕ ಕಿಟಕಿಯೊಳಗಿಂದ ಕ್ಯಾನನ್ನು ನೋಡಿ ನಿಧಾನವಾಗಿ, "ನನಗೂ... ಒಂದು... ಹಾಕು," ಎಂದರು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಹಾಗಾದ್ರೆ ಎಂಜಿನ್ನಿಂದ ಫಿಲ್ಟರ್ ತನಕ ದೋಷ ಇಲ್ಲ. ಇರೋದು ಅಲ್ಲಿಂದ ಹಿಂದಕ್ಕೆ," ಎಂದರು ಮುಚ್ಚಳದಮ್ಮ. ಟ್ಯಾಂಕು ತೊಳೆದಾಗಿತ್ತು. ಉಳಿದದ್ದು ಪೈಪು. ಹಳೆಯ ರಬ್ಬರು ಪೈಪನ್ನು ಬಗ್ಗಿಸಿದರೆ ಸಣ್ಣ ಬಿರುಕು ಕಂಡಿತು. "ಸಿಕ್ಕಿದೆ! ಇಲ್ಲೇ ಗಾಳಿ ನುಗ್ತಿರೋದು." ಹೊಸದು ತಂದು, ಕ್ಲಿಪ್ಪು ಬಿಗಿದು, ಈಗ ಟ್ಯಾಂಕಿನಿಂದಲೇ ಎಂಜಿನು ಓಡಿಸಿದರು. ಮಧ್ಯಾಹ್ನವೆಲ್ಲ ಗುಡುಗುಡು. ಬೀದಿಯವರ ನಿದ್ದೆ ಹೋಯಿತು, ಎಂಜಿನು ನಿಲ್ಲಲಿಲ್ಲ. ಸಂಜೆ ಅವರು ಬಟ್ಟಲಿನಿಂದ ಮುಚ್ಚಳ ತೆಗೆದು ಒರೆಸಿ, ಟ್ಯಾಂಕಿಗೆ ಬಿಗಿದು, ಅದರ ಪುಟ್ಟ ಗವಸನ್ನು ತೊಡಿಸಿ, ಟಾರ್ಪಾಲು ಹೊದಿಸಿ ತಟ್ಟಿದರು.

ಆ ಗವಸಿನ ಕಥೆ ಇಲ್ಲಿ ಹೇಳಬೇಕು. ಟ್ಯಾಂಕಿನ ಬಾಯಿ ಇದ್ದದ್ದು ಅಕ್ಕನ ಕುರ್ಚಿಯ ಪಕ್ಕಕ್ಕೇ. ಕುಲುಕಾಟದಲ್ಲಿ ಡೀಸೆಲಿನ ವಾಸನೆ ಬಂದು ಅಕ್ಕನಿಗೆ ಹೊಟ್ಟೆ ತೊಳೆಸುತ್ತಿತ್ತು. ಅದನ್ನು ನೋಡಲಾರದೆ ಇವರು ಮುಚ್ಚಳದೊಳಗೆ ದಪ್ಪ ರಬ್ಬರಿನ ಬಳೆ ಕತ್ತರಿಸಿ ಕೂರಿಸಿದ್ದರು. ಮುಚ್ಚಳದ ನಡುವೆ ಒಂದು ಸಣ್ಣ ತೂತಿತ್ತು. ತುಕ್ಕು ತಿಂದದ್ದಿರಬೇಕೆಂದು ಅದಕ್ಕೆ ಗಟ್ಟಿ ಅಂಟು ತುಂಬಿದ್ದರು. ಮೇಲೆ ಕ್ಯಾನ್ವಾಸಿನ ಟೋಪಿ, ದಾರ ಎಳೆದರೆ ಬಿಗಿಯುವಂಥದ್ದು. ವಾಸನೆ ನಿಂತಿತು. ನಾನೂ ಆ ಟೋಪಿಯನ್ನು ಹೊಗಳಿದ್ದೆ.

ಆ ಕೊನೆಯ ಸರದಿಯ ದಿನ ಬೆಳಗ್ಗೆ ನಾನೂ ಜೀಪಿನ ಹಿಂದೆ ಅಕ್ಕನ ಪಕ್ಕ ಕೂತೆ. ಬೀದಿಯ ತುದಿಯಲ್ಲಿ ತಮ್ಮನ ಕಾರು ಕಾದಿತ್ತು. "ನಾನು ಹಿಂದೇನೇ ಬರ್ತೀನಿ. ನಿಂತಲ್ಲಿ ದೊಡ್ಡಕ್ಕನ್ನ ಎತ್ತಿ ಕಾರಿಗೆ ಹಾಕ್ಕೊಂಡು, ಕಾರು ಹೋಗೋ ತನಕ ಹೋಗಿ, ಅಲ್ಲಿಂದ ಹೊತ್ಕೊಂಡ್ ಹೋಗೋದು," ಎಂದ.

"ನಿಂತ್ರೆ ತಾನೇ?"

"ನಿಲ್ಲುತ್ತೆ ಬಿಡು."

ಊರು ದಾಟಿತು, ಸೇತುವೆ ದಾಟಿತು, ಏರು ಶುರುವಾಯಿತು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಕಿವಿಯೆಲ್ಲ ಎಂಜಿನಿನ ಕಡೆಗಿತ್ತು. ನಾನು ದೇವರನ್ನು ನೆನೆದೆ. ಕೇಳಿಕೊಳ್ಳಲು ಬಹಳವೇನೂ ಇರಲಿಲ್ಲ, ಆ ಒಂದು ತಿರುವು ದಾಟಿಸಿದರೆ ಸಾಕಿತ್ತು. ತಿರುವು ಕಂಡಿತು. ಜೀಪು ಮುಗ್ಗರಿಸಿತು. ಮತ್ತೊಂದು ಸಲ. ನಿಂತಿತು.

ಅವರು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಕೂತರು, ಅಷ್ಟೇ. ಬೈಯಲಿಲ್ಲ, ಬಡಿಯಲಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟು, ಬಾನೆಟ್ಟು ಎತ್ತಿ ಪೈಪು ಮುಟ್ಟಿದರು. ಒಣಗಿತ್ತು, ಬಿಗಿಯಾಗಿತ್ತು. ಅಷ್ಟರಲ್ಲಿ ತಮ್ಮ ಬಂದು ಅಕ್ಕನ ಪಟ್ಟಿಗಳಿಗೆ ಕೈ ಹಾಕಿದ.

"ಬಾ ದೊಡ್ಡಕ್ಕ."

ಅಕ್ಕ ಎಡಗೈಯಿಂದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಮು... ಮುಚ್ಚಳ..."

"ಆಯ್ತಕ್ಕ, ಮುಚ್ಚಳ ಆಮೇಲೆ ನೋಡೋಣ. ಹೊತ್ತಾಗುತ್ತೆ."

"ಅವ್ರು ಇನ್ನೂ ಹೇಳಿ ಮುಗಿಸಿಲ್ಲ," ಎಂದೆ ನಾನು. ನನ್ನ ಗಂಟಲು ನನಗೇ ಜೋರಾಗಿ ಕೇಳಿತು. ತಮ್ಮ ಪಟ್ಟಿಯಿಂದ ಕೈ ತೆಗೆದ. ಮುಚ್ಚಳದಮ್ಮ ಬಾನೆಟ್ಟು ಬಿಟ್ಟು ಈ ಕಡೆ ಬಂದರು. ನಾವೆಲ್ಲ ಕಾದೆವು. ಒಂದು ಲಾರಿ ಹೋಯಿತು. ಅದು ಹೋಗಿ ಮುಗಿಯುವ ತನಕ ಅಕ್ಕನೂ ಕಾದರು.

"ನೀನು... ಮುಚ್ಚಳ ತೆಗೆದಾಗ... ಅದು... ಉಸಿರು ಎಳ್ಕೊಳ್ಳುತ್ತೆ. ಪ್ರತಿ... ಸಲ. ನನ್ನ ಕಿವಿ ಪಕ್ಕಾನೇ."

ವರ್ಷಗಟ್ಟಲೆ ಹೊಲಿಗೆ ಯಂತ್ರದ ಸದ್ದು ಕೇಳಿ ಮುಚ್ಚಳದಮ್ಮನ ಕಿವಿ ಮಂದವಾಗಿತ್ತು. "ನೀವು ಕಿವಿ ಕೊಡಿ ಎದುರ್ಮನೆಯೋರೇ," ಎಂದರು. ನಾನು ಬಗ್ಗಿ ಕಿವಿಯಿಟ್ಟೆ. ಅವರು ಟೋಪಿಯ ದಾರ ಸಡಿಲಿಸಿ, ಮುಚ್ಚಳವನ್ನು ಮೆಲ್ಲಗೆ ತಿರುಗಿಸಿದರು. ಉಸ್ಸ್ ಎಂದು ಗಾಳಿ ಒಳಕ್ಕೆ ಹೋಯಿತು. ಬಹಳ ಹೊತ್ತು ನೀರಿನಡಿ ಇದ್ದವರು ಮೇಲೆದ್ದು ಎಳೆದುಕೊಳ್ಳುವಂಥ ಉಸಿರು. ಅಷ್ಟು ಉದ್ದ. ತಳದಲ್ಲೆಲ್ಲೋ ಟ್ಯಾಂಕಿನ ತಗಡು ಟಪ್ ಎಂದು ತನ್ನ ಆಕಾರಕ್ಕೆ ಮರಳಿತು.

"ಹೌದು," ಎಂದೆ.

ಅವರು ಮುಚ್ಚಳವನ್ನು ಅಂಗೈಯಲ್ಲಿಟ್ಟು ಒಳಗು ಹೊರಗು ತಿರುಗಿಸಿ ನೋಡಿದರು. ರಬ್ಬರಿನ ಬಳೆ. ಅಂಟು ತುಂಬಿದ ತೂತು. ನೋಡುತ್ತಾ ನೋಡುತ್ತಾ ಅವರ ಕಿವಿ ಕೆಂಪಾಯಿತು.

"ಏನಾಯ್ತು ಚಿಕ್ಕಕ್ಕ?"

"ಪ್ಲಾಸ್ಟಿಕ್ ಬಾಟ್ಲಿಗೆ ಬಾಯಿಟ್ಟು ಹೀರ್ತಾನೇ ಹೋದ್ರೆ ಏನಾಗುತ್ತೋ?"

"ಒಳಕ್ಕೆ ಕುಗ್ಗುತ್ತೆ."

"ಆಮೇಲೆ ನೀರು ಬರುತ್ತಾ? ಇದೂ ಹಾಗೇ. ಡೀಸೆಲ್ ಹೋದಷ್ಟು ಗಾಳಿ ಒಳಗೆ ಬರ್ಬೇಕು. ಬರೋ ದಾರೀನ ನಾನೇ ಮೊನ್ನೆ ಮೊನ್ನೆ ಅಂಟು ಹಾಕಿ ಮುಚ್ಚಿದೀನಿ. ಅದಾದ ಮೇಲೇ ಇದು ನಿಲ್ಲೋಕೆ ಶುರುವಾಗಿದ್ದು. ತುಂಬಿಸಿದಷ್ಟೂ ಒಳಗೆ ಗಾಳಿ ಕಮ್ಮಿ, ಅದಕ್ಕೇ ಬೇಗ ನಿಲ್ತಿತ್ತು. ಅಂಗಳದಲ್ಲಿ ಓಡಿಸಿದಾಗ ಮುಚ್ಚಳ ಬಟ್ಟಲಲ್ಲಿತ್ತು, ಅದಕ್ಕೇ ನಿಲ್ಲಲಿಲ್ಲ." ಮುಚ್ಚಳವನ್ನು ತಮ್ಮನ ಮುಂದೆ ಹಿಡಿದು, "ಅಕ್ಕನಿಗೆ ವಾಸನೆ ಬರಬಾರ್ದು ಅಂತ ಇದರ ಕತ್ತು ಹಿಸುಕಿದೀನಿ ನೋಡು," ಎಂದರು.

ತಮ್ಮನಿಗೆ ನಗು ತಡೆಯಲಿಲ್ಲ. "ಮುಚ್ಚಳದಮ್ಮ ಅಂತ ಸುಮ್ನೆ ಕರೀತಾರಾ!"

"ನಗು, ಆಮೇಲೆ ನಗು. ಈಗ ಆ ಪಂಪ್ ಒತ್ತು."

ಕೈಚೀಲದಿಂದ ದಬ್ಬಳ ಬಂತು. ರಸ್ತೆಬದಿಯ ಕಲ್ಲಿನ ಮೇಲೆ ಕೂತು, ಮುಚ್ಚಳವನ್ನು ಮಂಡಿಗಳ ನಡುವೆ ಹಿಡಿದು, ಕ್ಯಾನ್ವಾಸಿಗೆ ಚುಚ್ಚುವಂತೆಯೇ ಅಂಗೈಯ ಬುಡದಿಂದ ಒತ್ತಿದರು. ಅಂಟು ಕಲ್ಲಾಗಿತ್ತು. ಚೂರು ಚೂರೇ ಎದ್ದಿತು. ತಮ್ಮ ಇಸ್ತ್ರಿ ಅಂಗಿಯ ತೋಳು ಮಡಚಿ ಪಂಪು ಒತ್ತುತ್ತಿದ್ದ. ನಾನು ತಿರುಪು ಹಿಡಿದಿದ್ದೆ. ಅಕ್ಕ ಕುರ್ಚಿಯಲ್ಲಿ ಕೂತು ದಾರಿ ಕಾಯುತ್ತಿದ್ದರು. ಕೊನೆಗೆ ಮುಚ್ಚಳದಮ್ಮ ಮುಚ್ಚಳವನ್ನು ಆಕಾಶಕ್ಕೆ ಹಿಡಿದರು. ತೂತಿನಲ್ಲಿ ಒಂದು ಚುಕ್ಕೆ ಬೆಳಕು ಕಂಡಿತು. ತುಟಿಯಿಟ್ಟು ಊದಿ ನೋಡಿದರು. ಬಿಗಿದರು. ಟೋಪಿಯನ್ನು ಮಡಚಿ ಚೀಲದ ತಳಕ್ಕೆ ಹಾಕಿದರು. ಬರಿಯ ಮುಚ್ಚಳದ ಮೇಲೆ ಅವರ ಕೈ ಅಭ್ಯಾಸಬಲದಿಂದ ಇನ್ನೊಮ್ಮೆ ಹೋಗಿ, ಹಾಗೇ ಹಿಂದೆ ಬಂತು.

"ವಾಸನೆ ಬಂದ್ರೆ ಸಹಿಸ್ಕೋತೀಯೇನೇ ಅಕ್ಕ?"

ಅಕ್ಕ ಎಡಗೈಯಿಂದ ಮೂಗು ಮುಚ್ಚಿ ತೋರಿಸಿ, ಅದೇ ಕೈಯನ್ನು ಮುಂದಕ್ಕೆ ಬೀಸಿದರು. ಹೊರಡು ಎಂದು.

ಜೀಪು ತಿರುವು ದಾಟಿತು. ಮುಂದಿನ ಕಲ್ಲಿನ ಏರಿಗೆ ಅವರು ಸಣ್ಣ ಗೇರು ಎಳೆದು ನಾಲ್ಕೂ ಚಕ್ರ ಕೂಡಿಸಿದಾಗ ಎಂಜಿನು ಹಳೆಯ ದನಿಯಲ್ಲಿ ಗುರುಗುಟ್ಟಿತು. ತಮ್ಮನ ಕಾರು ಕೆಳಗೇ ಉಳಿಯಿತು. ಅವನು ಓಡಿಬಂದು ನನ್ನ ಪಕ್ಕಕ್ಕೆ ಹತ್ತಿಕೊಂಡಿದ್ದ. ಅಕ್ಕನ ಕುರ್ಚಿ ಪಟ್ಟಿಗಳ ಹಿಡಿತದಲ್ಲಿ ಚೂರೂ ಜರುಗಲಿಲ್ಲ. ಅವನು ಮಾತ್ರ ಎರಡು ಸಲ ಟಾಪಿಗೆ ತಲೆ ಹೊಡೆಸಿಕೊಂಡ.

ಕೊಳದ ಮೇಡಂ ಬಾಗಿಲು ಹಾಕುವವರಿದ್ದರು. ಕುರ್ಚಿಯ ಗಾಲಿಯ ಸದ್ದಿಗೆ ತಿರುಗಿ ನೋಡಿ, "ಅಂತೂ ಬಂದ್ರಾ? ನಿಮ್ಮ ಜಾಗಕ್ಕೆ ಬೇರೆಯವರನ್ನ ಕರೀಬೇಕು ಅಂತಿದ್ದೆ," ಎಂದು ಬಾಗಿಲನ್ನು ಪೂರ್ತಿ ತೆರೆದು ಹಿಡಿದರು. ಅಕ್ಕ ಒಳಗೆ ಹೋದರು.

ನಾವು ಹೊರಗಿನ ಬೆಂಚಿನ ಮೇಲೆ ಕೂತೆವು. ಗಾಜಿನಾಚೆ ಹಬೆಯ ನಡುವೆ ಅಕ್ಕನ ತಲೆ ಮಾತ್ರ ಕಾಣುತ್ತಿತ್ತು, ಒಂದು ಹೆಜ್ಜೆಯಷ್ಟು ಮುಂದೆ ಬಂದು ನಿಂತಿತು. ತಮ್ಮನೂ ಕೂತಿದ್ದ, ಅಂಗಿಯ ಮೇಲೆ ಡೀಸೆಲಿನ ಕಲೆಯೊಂದಿಗೆ. ಬಹಳ ಹೊತ್ತು ಕೈ ಒರೆಸಿಕೊಂಡು ಹೇಳಿದ:

"ಚಿಕ್ಕಕ್ಕ, ಇನ್ಮೇಲೆ ನೀನು ಒದ್ದಾಡ್ಬೇಡ. ಈ ರಸ್ತೆ ಹತ್ತೋಂಥ ಒಂದು ಹೊಸ ಗಾಡಿ ತಗೋತೀನಿ, ಡ್ರೈವರ್ ಇಡ್ತೀನಿ. ವಾರಕ್ಕೆರಡು ಸಲ ನಿಮ್ಮ ಬಾಗಿಲಿಗೇ ಬರುತ್ತೆ. ಅಂಗಡಿಗೂ ಆಗುತ್ತೆ. ಮನಸ್ಸಿಂದ ಹೇಳ್ತಿದೀನಿ."

ಅವನು ಮನಸ್ಸಿನಿಂದಲೇ ಹೇಳುತ್ತಿದ್ದ. ಅವರಿಗೂ ಅದು ಗೊತ್ತಾಯಿತು. ಅವನ ತೋಳಿಗೆ ಹತ್ತಿದ್ದ ಅಂಟಿನ ಚೂರೊಂದನ್ನು ಉಗುರಿನಿಂದ ತೆಗೆದರು.

"ಬೇಡ ಕಣೋ. ಅದರಲ್ಲಿ ಅಕ್ಕನ್ನ ಎತ್ತಿ, ಮಡಚಿ ಕೂರಿಸ್ಬೇಕು. ಜೀಪಲ್ಲಾದ್ರೆ ಅವಳೇ ಕೂತಿರ್ತಾಳೆ."

"ಹಂಗಲ್ಲ ಚಿಕ್ಕಕ್ಕ, ಮಧ್ಯೆ ಮತ್ತೇನಾದ್ರೂ ಕೆಟ್ರೆ..."

"ಕೆಟ್ರೆ ಕೇಳೋಕೆ ಅವಳ ಕಿವಿ ಇದೆ, ಬಿಚ್ಚೋಕೆ ನನ್ನ ಕೈ ಇದೆ. ಗಾಡಿ ಬೇಡ," ಎಂದು ಅವರು ಎದ್ದು, ಜೀಪಿನ ಚಕ್ರಕ್ಕೆ ಕೊಟ್ಟಿದ್ದ ಕಲ್ಲು ಸರಿಯಾಗಿದೆಯೇ ಎಂದು ನೋಡಲು ಹೋದರು.